ಬಂಡೆ ಸಂದಿಯ ಅಗಲ

ಏಪ್ರಿಲ್ ೩

ಅಪ್ಪಾ,

ಈ ಕಾಗದ ಶನಿವಾರದ ರೇಷನ್ ಜೀಪಿನಲ್ಲಿ ಬೆಟ್ಟ ಹತ್ತಿ ನಿಮ್ಮ ಹವಾಮಾನ ಠಾಣೆ ಮುಟ್ಟುವಷ್ಟರಲ್ಲಿ ನನ್ನ ಕೋಪ ಇಳಿದಿರುತ್ತದೆ. ಆದ್ದರಿಂದ ಕೋಪದ ಭಾಗವನ್ನು ಬಿಟ್ಟು ಬರೆಯುತ್ತೇನೆ.

ಸೋಮವಾರ ಅಮ್ಮನನ್ನು ಹೃದಯದ ಡಾಕ್ಟರಿಗೆ ತೋರಿಸಿದೆವು. ಅವರು ಎದೆಯ ಫಿಲ್ಮು ನೋಡಿದರು. ಆಮೇಲೆ ನನ್ನನ್ನು ಒಬ್ಬಳನ್ನೇ ಕರೆದು, "ಅವರಿಗೆ ಏನಾದ್ರೂ ಆಸೆ ಇದ್ರೆ ಈ ವರ್ಷವೇ ತೀರಿಸಿಬಿಡಿ" ಅಂದರು. ಅಮ್ಮನಿಗೆ ನಾನು ಹೇಳಲಿಲ್ಲ. ಅವಳಿಗೆ ಹೇಳಬೇಕಾದ ಅಗತ್ಯವೂ ಇಲ್ಲ, ನಿಮಗೆ ಗೊತ್ತಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ, "ನಾನೊಂದ್ಸಲ ಮೇಲೆ ಹೋಗ್ಬೇಕು ಕಣೇ. ಎಲ್ಲರೂ ಬರಬೇಕು, ಒಂದೇ ಗಾಡೀಲಿ" ಅಂದಳು.

ಎದೆ ಕಟ್ಟಿ ಬೆಟ್ಟ ಇಳಿದು ನನ್ನ ಮನೆಗೆ ಬಂದವಳು ಆರು ವರ್ಷದಿಂದ ಇಲ್ಲೇ ಇದ್ದಾಳೆ. ಅಷ್ಟರಲ್ಲಿ ನೀವು ಬಂದದ್ದು ಎರಡು ಸಲ. ಎರಡು ಸಲವೂ ಚೀಲ ಬಿಚ್ಚದೆ ಹೊರಟಿರಿ. ಇಲಾಖೆಯವರು ಬಿಡುವುದಿಲ್ಲ ಅನ್ನುತ್ತೀರಿ. ನೋಡಿ, ಕೋಪದ ಭಾಗ ಬಂದೇಬಿಟ್ಟಿತು.

ಡಾಕ್ಟರು ಆಕ್ಸಿಜನ್ ಸಿಲಿಂಡರು ಜೊತೆಗಿದ್ದರೆ ಒಂದು ಹಗಲಿನ ಮಟ್ಟಿಗೆ ಹೋಗಿ ಬರಬಹುದು ಅಂದಿದ್ದಾರೆ. ಆದರೆ ರೇಷನ್ ಜೀಪಿನ ಹಲಗೆಯ ಮೇಲೆ ಕುಲುಕಾಡಿಕೊಂಡು ಹೋಗುವುದನ್ನು ಮಾತ್ರ ಕೇಳಲೇಬೇಡಿ ಅಂದರು. ನಮ್ಮ ಹಳೆಯ ಕಾರು ಪೇಟೆಯ ದಿಬ್ಬಕ್ಕೇ ಏದುಸಿರು ಬಿಡುತ್ತದೆ. ಹೇಗಿದ್ದರೂ ಅದನ್ನು ಮಾರಬೇಕಿತ್ತು, ಬೆಟ್ಟ ಹತ್ತುವಂಥದ್ದೇ ಒಂದು ತಗೊಂಡುಬಿಡೋಣ ಎನ್ನುತ್ತಾರೆ ನಿಮ್ಮ ಅಳಿಯ. ಅಮ್ಮ, ನಾನು, ಇವರು, ಮಕ್ಕಳಿಬ್ಬರು, ತಂಗಿ, ಜೊತೆಗೆ ಸಿಲಿಂಡರು. ದಾರಿ ಈಗ ಹೇಗಿದೆ, ಎಂಥ ಗಾಡಿ ಬರುತ್ತದೆ, ಬರೆಯಿರಿ.

ನಿಮ್ಮ
ಚೂಟಿ

*

ಏಪ್ರಿಲ್ ೧೪

ಚೂಟಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಡಾಕ್ಟರ ಮಾತನ್ನು ಒಂದೇ ಸಲ ಓದಿದೆ.

ದಾರಿಯ ವಿಷಯ. ಹಳ್ಳದಲ್ಲಿ ಮಳೆಗಾಲ ಬಿಟ್ಟರೆ ಮೊಣಕಾಲಷ್ಟು ನೀರು, ಎತ್ತರದ ಗಾಡಿಗೆ ಅದು ಲೆಕ್ಕವಲ್ಲ. ಹಳ್ಳ ದಾಟಿದ ಮೇಲಿನ ತಿರುವಿನಲ್ಲಿ ಉದ್ದನೆಯ ಗಾಡಿ ಒಂದೇ ಏಟಿಗೆ ತಿರುಗುವುದಿಲ್ಲ, ಹಿಂದೆ ಮುಂದೆ ಮಾಡಬೇಕು. ಅಳಿಯಂದಿರಿಗೆ ಗಣಿತ ಬರುತ್ತದೆ, ಆದರೆ ಅಲ್ಲಿ ಬೇಕಾಗುವುದು ಹಿಂದೆ ತಿರುಗಿ ನೋಡುವ ಕುತ್ತಿಗೆ. ಆಮೇಲೆ ಬಂಡೆ ಸಂದಿ. ಎರಡು ಬಂಡೆಗಳ ನಡುವೆ ಗೋಡೆಗಳ ಮಧ್ಯೆ ಹೋದ ಹಾಗೆ ಹೋಗಬೇಕು. ರೇಷನ್ ಜೀಪು ಬಡಕಲು, ನುಸುಳಿ ಬರುತ್ತದೆ. ಸಂದಿ ದಾಟಿದರೆ ಠಾಣೆಯವರೆಗೆ ಬರೀ ಏರು.

ಆದ್ದರಿಂದ ನನ್ನನ್ನು ಕೇಳಿದರೆ ಐದು ಜನರ ಚಿಕ್ಕ ಗಾಡಿ ಸಾಕು. ಯಾರಾದರೂ ಒಬ್ಬರು ಮನೆಯಲ್ಲಿ ಉಳಿಯಲಿ. ಈಗಿನ ದೊಡ್ಡ ಗಾಡಿಗಳಲ್ಲಿ ಮೂರನೆಯ ಸಾಲು ಅಂತ ಒಂದು ಮಾಡುತ್ತಾರಂತೆ. ಮೊಣಕಾಲು ಗದ್ದಕ್ಕೆ ತಗಲುತ್ತದೆ, ಕಿಟಕಿ ತೆರೆಯುವುದಿಲ್ಲ. ಮನೆಗೆ ಹೆಚ್ಚಾದವರನ್ನು ಕೂರಿಸುವ ಜಾಗ ಅದು. ಅಂಥದ್ದಕ್ಕಾಗಿ ಗಾಡಿಯನ್ನು ಯಾಕೆ ಉದ್ದ ಮಾಡುತ್ತೀರಿ?

ನಾನೇ ಇಳಿದು ಬರೋಣವೆಂದರೆ ಬದಲಿ ಮನುಷ್ಯ ಇಲ್ಲ. ಮೂರು ಮೂರು ಗಂಟೆಗೊಮ್ಮೆ ಮಳೆ, ಗಾಳಿ, ಒತ್ತಡ ನೋಡಿ ವೈರ್‌ಲೆಸ್‌ನಲ್ಲಿ ಹೇಳಲು ಯಾರಾದರೂ ಬೇಕಲ್ಲ.

ನಿಮ್ಮಮ್ಮ ಬರುತ್ತಾಳೆ ಎಂದರೆ ಬೇಡ ಅನ್ನಬೇಡಿ.

ಇತಿ,
ಅಪ್ಪ

*

ಮೇ ೯

ಅಪ್ಪಾ,

ಔಷಧಿ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಗಾಡಿ ನೋಡಲು ಹೋಗಿದ್ದೆವು. ಅಮ್ಮನನ್ನೂ ಕರೆದುಕೊಂಡು ಹೋದೆವು, ಕೂರುವವಳು ಅವಳಲ್ಲವೇ?

ಮೊದಲು ನೀವು ಹೇಳಿದ ಚಿಕ್ಕದು. ಅಚ್ಚುಕಟ್ಟಾಗಿದೆ, ಕನ್ನಡಿ ಸೇರಿಸಿದರೂ ನಿಮ್ಮ ಸಂದಿಯಲ್ಲಿ ನಗುನಗುತ್ತಾ ದಾಟುತ್ತದೆ. ಆದರೆ ಅಮ್ಮ ನೆಟ್ಟಗೆ ಕೂತರೆ ಉಸಿರು ಸಿಕ್ಕಿಕೊಳ್ಳುತ್ತದೆ, ಅರ್ಧ ಒರಗಿರಬೇಕು. ಒರಗಿಸಿದರೆ ಹಿಂದಿನ ಸೀಟು ಪೂರ್ತಿ ಅವಳಿಗೇ ಬೇಕು. ಆಗ ಉಳಿದವರು ಟಾಪಿನ ಮೇಲೆ.

ಆಮೇಲೆ ದೊಡ್ಡದು. ಮುಂದೆ ಇಬ್ಬರು, ನಡುವೆ ಕೈಯಿರುವ ಬಿಡಿ ಕುರ್ಚಿಗಳು ಎರಡು, ಹಿಂದೆ ಮೂವರು. ನಡುವಿನ ಕುರ್ಚಿ ಹಾಸಿಗೆಯ ಹಾಗೆ ಒರಗುತ್ತದೆ. ಅಮ್ಮ ಅದರಲ್ಲಿ ಕೂತು ಕಣ್ಣು ಮುಚ್ಚಿದಳು. ಮಾರುವ ಹುಡುಗಿ ಪಾಪ, ಗಾಬರಿಯಾಗಿ "ಆಂಟಿ?" ಅಂದಳು. "ನಿದ್ದೆ ಬಂತಮ್ಮಾ, ಚೆನ್ನಾಗಿದೆ" ಅಂದಳು ಅಮ್ಮ. ಮೆಟ್ಟಿಲು ಎತ್ತರ, ಹತ್ತಿಸಲು ಒಂದು ಮಣೆ ಇಡಬೇಕು. ನಿಮ್ಮ ಅಳಿಯ ಮೂರನೆಯ ಸಾಲಿಗೆ ಹೋಗಿ ಕೂತು ವಾಪಸು ಬರಲಾಗದೆ, ಕೊನೆಗೆ ಹಿಂದಿನ ಬಾಗಿಲು ತೆಗೆಸಿ ಸಾಮಾನಿನ ಹಾಗೆ ಇಳಿದರು. ಮಕ್ಕಳು ನಕ್ಕು ನಕ್ಕು ಸುಸ್ತಾದರು. ಮೂರೂ ಸಾಲು ಎತ್ತಿದರೆ ಸಾಮಾನಿಗೆ ಜಾಗವೆಂದರೆ ಒಂದು ಕೊಡೆ ನಿಲ್ಲಿಸಬಹುದು, ಅಷ್ಟೆ. ಹಿಂದಿನ ಸೀಟು ಒಂದನ್ನು ಮಡಚಿದರೆ ಎರಡು ಚೀಲ ಹಿಡಿಯುತ್ತವೆ.

ಕಂಪನಿಯ ಹಾಳೆಯಲ್ಲಿ ಅಗಲ ಆರು ಅಡಿ ಆರು ಅಂಗುಲ. ಇದೇ ನನಗೆ ಹೆದರಿಕೆ. ಸಂದಿ ಎಲ್ಲಿ ತೀರಾ ಬಿಗಿಯೋ ಅಲ್ಲಿ ಟೇಪು ಹಿಡಿದು ಅಳೆದು ಬರೆಯಿರಿ. ಅಂದಾಜು ಬೇಡ. ನೀವು ಅಂದಾಜು ಹೇಳುವವರಲ್ಲ ಅಂತ ಗೊತ್ತು, ಆದರೂ.

ಚೂಟಿ

*

ಮೇ ೨೬

ಚೂಟಿ,

ಬುಧವಾರ ಬಿಸಿಲು ಬಿದ್ದ ಮೇಲೆ ಇಳಿದು ಹೋಗಿ ಸಂದಿ ಅಳೆದೆ. ಏಳು ಅಡಿ. ನಿಮ್ಮ ದೊಡ್ಡ ಗಾಡಿ ಬರುತ್ತದೆ.

ಮಳೆ ಮುಗಿಯುವವರೆಗೆ ಹೊರಡಬೇಡಿ. ಅಕ್ಟೋಬರಿನಲ್ಲಿ ದಾರಿ ಒಣಗಿರುತ್ತದೆ, ಆಕಾಶವೂ ಶುಭ್ರ. ಟೈರಿನ ಗಾಳಿಯನ್ನು ಹಳ್ಳದ ಹತ್ತಿರ ಸ್ವಲ್ಪ ಇಳಿಸಿಕೊಳ್ಳಿ, ಕುಲುಕು ಕಡಿಮೆಯಾಗುತ್ತದೆ.

ನಿಮ್ಮಮ್ಮ ಒರಗಿ ಮಲಗುವ ಕುರ್ಚಿ ಯಾವ ಪಕ್ಕ? ಎಡಪಕ್ಕವಾದರೆ ಕಣಿವೆ ಕಾಣುತ್ತದೆ. ಅವಳಿಗೆ ಅದು ಇಷ್ಟ.

ಅಪ್ಪ

*

ಆಗಸ್ಟ್ ೨೨

ಅಪ್ಪಾ,

ಗಾಡಿ ಬಂದಿದೆ. ನಮ್ಮ ಬೀದಿಗೆ ಅದು ತೀರಾ ಹೆಚ್ಚಾಯಿತು. ಗೇಟಿನೊಳಗೆ ಹಿಡಿಸುವುದಿಲ್ಲ, ಮೂತಿ ಬೀದಿಗೆ ಚಾಚಿಕೊಂಡಿರುತ್ತದೆ. ಹಾಲು ಹಾಕುವವನು ದಿನಾ ಒಂದು ಮಾತು ಬೈದು ಸುತ್ತಿಕೊಂಡು ಹೋಗುತ್ತಾನೆ. ಎದುರು ಮನೆಯವರು ಮಾತು ಬಿಟ್ಟಿದ್ದಾರೆ, ಅದೊಂದು ಲಾಭ.

ಅಮ್ಮ ಜುಲೈನಲ್ಲಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಆಗಲೇ ಬರೆಯಬೇಕಿತ್ತು. ಬರೆದರೂ ನೀವು ಬರುವುದಿಲ್ಲ ಅಂತ ಬರೆಯಲಿಲ್ಲ. ಈಗ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಕೂರುತ್ತಾಳೆ.

ಒಂದು ವಿಚಿತ್ರ ಹೇಳುತ್ತೇನೆ. ಹೊರಡುವ ದಿನದ ಸಾಮಾನೆಲ್ಲ ಒಂದು ಸಲ ಇಟ್ಟು ನೋಡೋಣವೆಂದು ಇವರು ಹಿಂದಿನ ಸಾಲಿನ ಖಾಲಿ ಸೀಟು ಮಡಚಿದರು. ಆರು ಜನಕ್ಕೆ ಏಳು ಸೀಟು, ಒಂದು ಹೆಚ್ಚೇ ಅಲ್ಲವೇ? ಕಿಟಕಿಯಿಂದ ನೋಡುತ್ತಿದ್ದ ಅಮ್ಮ, "ಅದನ್ನ ಮಡಚಬೇಡಿ" ಅಂದಳು. ಸಾಮಾನು ಎಲ್ಲಿಡೋದು ಅತ್ತೆ ಅಂತ ಇವರು ಕೇಳಿದರೆ, "ಎಲ್ಲಾದರೂ ಇಡಿ. ತಲೆ ಮೇಲಿಟ್ಕೊಳ್ಳಿ. ಸೀಟು ಮಡಚಬೇಡಿ" ಅಂದಳು. ಕಾರಣ ಕೇಳಿದರೆ ಗೋಡೆ ಕಡೆ ತಿರುಗಿ ಮಲಗಿದಳು. ಈಗ ಟಾಪಿಗೆ ಕ್ಯಾರಿಯರ್ ಹಾಕಿಸುತ್ತಿದ್ದೇವೆ.

ನಿವೃತ್ತಿಯ ವಯಸ್ಸು ದಾಟಿದರೂ ಪ್ರತಿ ವರ್ಷ ಸೇವೆ ಮುಂದುವರಿಸಿ ಎಂದು ಇಲಾಖೆಯನ್ನು ಕೇಳಿಕೊಳ್ಳುತ್ತಿರುವವರು ನೀವೇ ಎಂಬುದು ಅಮ್ಮನಿಗೆ ಗೊತ್ತು. ನಿಮ್ಮ ಕಚೇರಿಯ ಗುಮಾಸ್ತರ ಹೆಂಡತಿ ಔಷಧಿಗೆ ಬಂದಾಗ ನನಗೆ ಹೇಳಿದರು, ನಾನು ಅಮ್ಮನಿಗೆ ಹೇಳಬಾರದು ಅಂದುಕೊಂಡೇ ಮನೆಗೆ ಬಂದೆ. ಹೇಳಿದೆ. ಅವಳು ಆಗಲೇ ಗೊತ್ತಿತ್ತು ಅಂದಳು.

ಅಕ್ಟೋಬರ್ ಎರಡನೆಯ ವಾರ ಬರುತ್ತೇವೆ.

ಚೂಟಿ

*

ಸೆಪ್ಟೆಂಬರ್ ೨೮

ಚೂಟಿ,

ದಾರಿ ಒಣಗಿದೆ. ತಿರುವಿನಲ್ಲಿ ಬಿದ್ದಿದ್ದ ಕಲ್ಲುಗಳನ್ನು ಪಕ್ಕಕ್ಕೆ ಸರಿಸಿದ್ದೇನೆ. ಮನೆಗೆ ಸುಣ್ಣ ಹೊಡೆದೆ, ಒಳಗೂ ಹೊರಗೂ. ನಿಮ್ಮಮ್ಮನ ಮಂಚವನ್ನು ಕಿಟಕಿಯ ಹತ್ತಿರ ಎಳೆದಿದ್ದೇನೆ.

ಇಲಾಖೆಯ ವಿಷಯ ನೀನು ಬರೆದದ್ದು ನಿಜ. ಏನು ಉತ್ತರ ಬರೆಯಬೇಕೋ ತಿಳಿಯದೆ ನಾಲ್ಕು ಶನಿವಾರ ಜೀಪು ಬರಿಗೈಲಿ ಇಳಿಯಿತು. ನಿನ್ನ ಮನೆಯಲ್ಲಿ ನನಗೊಂದು ಕೆಲಸವಿಲ್ಲ ಮಗಳೇ. ಬಂದಾಗಲೆಲ್ಲ ನನಗಾಗಿ ಯಾರಾದರೂ ಜಾಗ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅದನ್ನು ನೋಡಲಾರದೆ ಹೋದೆ.

ಬನ್ನಿ. ಅವಳ ಎದುರಿಗೇ ಮಾತಾಡುತ್ತೇನೆ.

ಅಪ್ಪ

*

ಅಕ್ಟೋಬರ್ ೧೫

ಅಪ್ಪ,

ನೀವು ಅಲ್ಲಿದ್ದಿರಿ, ಆದರೂ ಬರೆಯುತ್ತೇನೆ. ಗಾಜಿನ ಆ ಕಡೆಯಿಂದ ನೋಡಿದವರಿಗೆ ಈ ಕಡೆಯದು ಗೊತ್ತಿರುವುದಿಲ್ಲ.

ಬೆಳಿಗ್ಗೆ ಬೆಳಕು ಹರಿಯುವಾಗ ಹೊರಟೆವು. ಅಮ್ಮ ತಲೆ ಬಾಚಿಸಿಕೊಂಡಳು, ಎರಡು ಸಲ. ಹಳ್ಳ ಸಲೀಸಾಗಿ ದಾಟಿತು. ತಿರುವಿನಲ್ಲಿ ಗಾಡಿಯ ಬಾಲ ಕಣಿವೆಯ ಮೇಲೆ ಚಾಚಿಕೊಂಡಿತು, ಇವರು ನಾಲ್ಕು ಸಲ ಹಿಂದೆ ಮುಂದೆ ಮಾಡಿ ತಿರುಗಿಸಿದರು. ಹಿಂದಿನ ಸಾಲಿನಲ್ಲಿ ಮಕ್ಕಳು ಎಗರಿ ಎಗರಿ ಬಿದ್ದು ಪುಟ್ಟಿ ವಾಂತಿ ಮಾಡಿಕೊಂಡಳು. ಅಮ್ಮ ಮಾತ್ರ ತನ್ನ ಕುರ್ಚಿಯಲ್ಲಿ ಒರಗಿ, ಎಡಕ್ಕೆ ತಿರುಗಿ ಕಣಿವೆ ನೋಡುತ್ತಿದ್ದಳು.

ಸಂದಿ ಕಾಣಿಸುತ್ತಲೇ ಅಮ್ಮ ಗಾಡಿ ನಿಲ್ಲಿಸಿ ಅಂದಳು. ಪಕ್ಕದ ಕುರ್ಚಿಯಲ್ಲಿದ್ದ ತಂಗಿಗೆ, "ನೀನು ಹಿಂದೆ ಹೋಗಿ ಮಕ್ಕಳ ಜೊತೆ ಕೂತ್ಕೋ" ಅಂದಳು.

"ಯಾಕಮ್ಮ? ಮೇಲೆ ಹೋದ್ಮೇಲೆ ಇಳಿಯೋದೇ ಅಲ್ವಾ?"

"ನಿಮ್ಮಪ್ಪನ್ನ ಕರ್ಕೊಂಡು ಹೋಗೋಕೆ ಕಣೇ ಬಂದಿರೋದು. ಅವರೇನು ಹಿಂದೆ ಕೂರ್ತಾರಾ? ನನ್ನ ಪಕ್ಕ ಕೂರ್ಲಿ."

ಐದು ತಿಂಗಳು ಅಳತೆ ಹಿಡಿದು, ಸೀಟು ಎಣಿಸಿ, ಮಡಚಿ, ಬಿಡಿಸಿ ಗಾಡಿ ಕೊಂಡವಳು ನಾನು. ಏಳನೆಯ ಸೀಟು ಯಾರದೆಂದು ನನಗೆ ಹೊಳೆದಿರಲೇ ಇಲ್ಲ. ತಂಗಿ ಸಿಲಿಂಡರನ್ನು ಅಮ್ಮನ ಕಾಲ ಹತ್ತಿರ ಸರಿಸಿ, ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಿಂದೆ ಹೋದಳು.

ಕನ್ನಡಿ ಮಡಚಿ ಒಳಗೆ ನುಗ್ಗಿದೆವು. ಅರ್ಧದಲ್ಲಿ ಎರಡೂ ಕಡೆ ಕರಕರ ಎಂದು ಉಜ್ಜಿತು, ಆಮೇಲೆ ನಿಂತೇಬಿಟ್ಟಿತು. ಬಾಗಿಲು ನಾಲ್ಕು ಬೆರಳಷ್ಟೂ ತೆರೆಯಲಿಲ್ಲ. ಆಗ ನೀವು ಮೇಲಿನಿಂದ ಇಳಿದು ಬಂದಿರಿ. ಬಾನೆಟ್ಟಿನ ಮುಂದೆ ನಿಂತಿರಿ. ಗಾಜಿನ ತುಂಬ ಧೂಳು. ನಿಮ್ಮ ಅಳಿಯ ಏನು ಮಾಡಬೇಕೆಂದು ತೋಚದೆ ಗಾಜಿಗೆ ನೀರು ಹೊಡೆದು ವೈಪರ್ ಹಾಕಿದರು, ಅತ್ತೆಗೆ ಕಾಣಲಿ ಅಂತ. ಅಮ್ಮ ನಿಮ್ಮನ್ನು ನೋಡಿದಳು. ನಕ್ಕಳು. ಆಮೇಲೆ ಪಕ್ಕದ ಕುರ್ಚಿಯನ್ನು ಕೈಯಿಂದ ತಟ್ಟಿ ತೋರಿಸಿದಳು. ನಿಮಗೆ ಅದು ಕಾಣಿಸಿತು ಅಪ್ಪ. ಕಾಣಿಸಲಿಲ್ಲ ಎಂದು ಬರೆಯಬೇಡಿ.

ಹಿಂದಕ್ಕೆ ತೆಗೆಯಲು ಇವರು ಬೆವರಿ ಬಸವಳಿದರು. ಹೊರಗೆ ಬಂದು ಸಮತಟ್ಟಿನಲ್ಲಿ ನಿಲ್ಲಿಸಿ, ಎಲ್ಲ ಬಾಗಿಲು ತೆಗೆದಿಟ್ಟು ಕಾದೆವು. ನೀವು ಸಂದಿಯ ನಡುವಿನವರೆಗೆ ಬಂದಿರಿ. ಬಂಡೆಗೆ ಕೈಯಿಟ್ಟು ನಿಂತಿರಿ. "ಮೂರು ಗಂಟೆ ರೀಡಿಂಗ್ ಇದೆ. ಹುಷಾರಾಗಿ ಇಳೀರಿ" ಎಂದು ಕೂಗಿ ತಿರುಗಿ ನಡೆದಿರಿ. ನಿಮ್ಮ ಹಿಂದೆ ಓಡಲು ಹೊರಟ ತಂಗಿಯನ್ನು ಅಮ್ಮ ತಡೆದಳು. "ಬಿಡೇ. ಕೂಗಿ ಕರೆದ್ರೆ ಬರೋರಲ್ಲ."

ಆಮೇಲೆ ಇವರು ಟೇಪು ತೆಗೆದು ಸಂದಿ ಅಳೆದರು. ಆರು ಅಡಿ ಏಳು ಅಂಗುಲ. ನೀವು ಏಳು ಅಡಿ ಎಂದು ಬರೆದಿರಿ. ಜೀವಮಾನದಲ್ಲಿ ಒಂದು ಹನಿ ಮಳೆಯನ್ನು ಹೆಚ್ಚಿಗೆ ಬರೆಯದವರು. ನಾನೇನು ಕಡಿಮೆಯೇ? ಕಂಪನಿಯ ಹಾಳೆಯ ಅಗಲದಲ್ಲಿ, ಮಡಚಿದರೂ ಹೊರಗೆ ಚಾಚುವ ಕನ್ನಡಿ ಸೇರಿರಲಿಲ್ಲ, ಅದು ನನಗೆ ಗೊತ್ತಿತ್ತು, ನಿಮಗೆ ಬರೆಯಲಿಲ್ಲ. ಅಮ್ಮನನ್ನು ಕರೆತರಬೇಕೆಂಬ ಆಸೆಗೆ ನಾನು ಗಾಡಿಯನ್ನು ಸಣ್ಣ ಮಾಡಿದೆ, ನೀವು ದಾರಿಯನ್ನು ದೊಡ್ಡ ಮಾಡಿದಿರಿ.

ಅದನ್ನು ನಾನು ಕ್ಷಮಿಸುತ್ತೇನೆ. ಆದರೆ ಗಾಡಿಗೆ ಜಾಗ ಸಾಲಲಿಲ್ಲ, ಸರಿ. ಮನುಷ್ಯ ನಡೆದು ಬರಲು ಎಷ್ಟು ಜಾಗ ಬೇಕಿತ್ತು ಅಪ್ಪ?

ಇಳಿಯುವಾಗ ಅಮ್ಮ ಕಣಿವೆ ನೋಡಲಿಲ್ಲ. ಒಂದೇ ಮಾತು ಕೇಳಿದಳು. "ತುಂಬಾ ಸಣ್ಣಗಾಗಿದಾರೆ, ಅಲ್ವಾ?"

ನಿಮ್ಮ ಮಗಳು

*

ಅಕ್ಟೋಬರ್ ೨೩

ಚೂಟಿ,

ಕಾಣಿಸಿತು.

ಅಳೆದಾಗಲೂ ಅದು ಆರು ಅಡಿ ಏಳು ಅಂಗುಲವೇ ಇತ್ತು. ಮತ್ತೆ ಮತ್ತೆ ಅಳೆದೆ. ಹಾಗೇ ಬರೆದರೆ ನೀವು ಬರುವುದಿಲ್ಲ. ಪೆನ್ನು ಹಿಡಿದಾಗ ಏಳು ಎಂದು ಬರೆಯಿತು. ಹೇಗೋ ನುಗ್ಗುತ್ತದೆ, ಉಜ್ಜಿದರೆ ಬಣ್ಣ ತಾನೇ ಹೋಗುವುದು ಎಂದು ಸಮಾಧಾನ ಮಾಡಿಕೊಂಡೆ.

ಯಾಕೆ ನಡೆದು ಬರಲಿಲ್ಲ ಎಂದು ಕೇಳಿದ್ದೀ. ಹೆದರಿಕೆ ಕಣಮ್ಮಾ. ನಡುವೆ ಎರಡು ಸಲ ಬಂದು ಹೋದರೂ, ಆರು ವರ್ಷ ನನ್ನ ತಲೆಯಲ್ಲಿ ನಿಮ್ಮಮ್ಮ ಇಳಿದು ಹೋದಾಗ ಹೇಗಿದ್ದಳೋ ಹಾಗೇ ಇದ್ದಳು. ಗಾಜಿನ ಹಿಂದೆ ಇದ್ದವಳು ಯಾರೋ ಮುದುಕಿ. ಹತ್ತಿರ ಬಂದರೆ ನನ್ನ ಮುಖ ನೋಡಿ ತಾನು ಹೇಗಾಗಿದ್ದೇನೆ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ ಎಂದು ಹೆದರಿದೆ. ಮತ್ತೆ ಆ ಕುರ್ಚಿ. ನಿಮ್ಮಲ್ಲಿ ನನಗೆ ಜಾಗವಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಇಲ್ಲಿ ಕೂತಿದ್ದೆ. ಅವಳು ತಟ್ಟಿ ತೋರಿಸಿದಳು. ಇನ್ನು ಹಾಗೆ ಹೇಳಿಕೊಳ್ಳಲು ನೆಪ ಉಳಿಯಲಿಲ್ಲ, ಕಳ್ಳನ ಹಾಗೆ ಓಡಿದೆ.

ಆ ದಿನ ಮೂರು ಗಂಟೆಯ ರೀಡಿಂಗ್ ತೆಗೆದುಕೊಳ್ಳಲಿಲ್ಲ. ವೈರ್‌ಲೆಸ್ ಕೂಗುತ್ತಲೇ ಇತ್ತು. ನಾನು ಸುಣ್ಣ ಹೊಡೆದ ಗೋಡೆಗೆ ಒರಗಿ ಕತ್ತಲಾಗುವವರೆಗೆ ಕೂತಿದ್ದೆ.

ಇಲಾಖೆಗೆ ಸಾಕು ಎಂದು ಹೇಳಿದ್ದೇನೆ. ಮಂಗಳವಾರ ಬದಲಿ ಮನುಷ್ಯ ಬರುತ್ತಾನೆ. ಅವನಿಗೆ ಉಪಕರಣ ತೋರಿಸಿ ಬುಧವಾರ ಬೆಳಿಗ್ಗೆ ಹೊರಡುತ್ತೇನೆ. ಗಾಡಿ ಕಳಿಸಬೇಡಿ, ಹಳ್ಳದವರೆಗೆ ನಡೆದೇ ಬರುತ್ತೇನೆ. ನಿಮ್ಮಮ್ಮನಿಗೆ ಹೇಳು. ಈ ಸಲ ಚೀಲ ಬಿಚ್ಚುತ್ತೇನೆ ಎಂದು ಹೇಳು.

ಅಪ್ಪ

*

ಅಕ್ಟೋಬರ್ ೨೬

ಅಪ್ಪಾ,

ಈ ಕಾಗದವನ್ನು ಬದಲಿ ಮನುಷ್ಯನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಒಳ್ಳೆಯ ಹುಡುಗನ ಹಾಗೆ ಕಾಣುತ್ತಾನೆ. ವೈರ್‌ಲೆಸ್‌ನಲ್ಲಿ ತಿಳಿಸುತ್ತೇವೆ ಎಂದು ನಿಮ್ಮ ಕಚೇರಿಯವರು ಹೇಳಿದರು. ಮಳೆ ಗಾಳಿಯ ಅಂಕಿಗಳ ಮಧ್ಯೆ ನೀವು ಇದನ್ನು ಕೇಳುವುದು ಬೇಡ ಎಂದು ನಾನೇ ತಡೆದೆ. ತಪ್ಪಾಗಿದ್ದರೆ ಬೈಯಿರಿ.

ನಿನ್ನೆ ಬೆಳಿಗ್ಗೆ ಅಮ್ಮ ಹೋದಳು. ಕಾಫಿ ಕೇಳಿದಳು, ನಾನು ತರುವಷ್ಟರಲ್ಲಿ ಇರಲಿಲ್ಲ. ನೋವು ಪಡಲಿಲ್ಲ. ನಿಮ್ಮ ಕಾಗದ ಮಧ್ಯಾಹ್ನ ಬಂತು.

ಆದರೂ ಓದಿದೆ. ಅವಳ ಪಕ್ಕದಲ್ಲಿ ಕೂತು, ಗಟ್ಟಿಯಾಗಿ, ಚೀಲ ಬಿಚ್ಚುವ ಮಾತಿನವರೆಗೂ ಓದಿದೆ. ತಂಗಿ ನಿಲ್ಲಿಸು ಅಂದಳು, ನಿಲ್ಲಿಸಲಿಲ್ಲ.

ನೀವು ಬರುವವರೆಗೆ ಅಮ್ಮನನ್ನು ಇಟ್ಟುಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಒಪ್ಪಿದ್ದಾರೆ. ನಿಮ್ಮ ಅಳಿಯ ಬುಧವಾರ ಹಳ್ಳದ ಈಚೆ ದಡದಲ್ಲಿ ನಿಂತಿರುತ್ತಾರೆ. ನಾನು ಆ ದಿನ ಕೇಳಿದ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ಹುಡುಕಿದರೂ ಸಿಗುತ್ತಿಲ್ಲ.

ತಿರುವಿನಲ್ಲಿ ಜಲ್ಲಿ ಜಾರುತ್ತದೆ, ಮೊಣಕಾಲು ನೋಡಿಕೊಂಡು ಇಳಿಯಿರಿ. ದಣಿವಾದರೆ ಕೂತು ಬನ್ನಿ. ಆತುರ ಬೇಡ ಅಪ್ಪ. ಇನ್ನು ತಡವಾಗುವುದು ಏನೂ ಇಲ್ಲ.

ನಿಮ್ಮ
ಚೂಟಿ